ಸ್ಯಾಂಪಲ್ ಪೀಸು

ಕೌಲ್ ಬಜಾರಿನ ಜೀನ್ಸ್ ಶೆಡ್ಡಿನಲ್ಲಿ,
ಎರ್ರೆಮ್ಮಕ್ಕ, ನಿನ್ನ ಕೆಲಸ ಹೊಲಿಯುವುದಲ್ಲ, ತೋರಿಸುವುದು.
ಥಾನು ಬಂದ ಕೂಡಲೇ ಅಂಚಿನಿಂದ ಬೆರಳಗಲ ಕತ್ತರಿಸಿ
ರಟ್ಟಿಗೆ ಪಿನ್ನು ಚುಚ್ಚಿ
ಕಟಿಂಗ್ ಮಾಸ್ಟರ್ ದಾದಾಪೀರನ ಮುಂದೆ ಹಿಡಿಯುವುದು.
ಆತ ಇಡೀ ಥಾನು ಬಿಚ್ಚುವವನಲ್ಲ.
ತುಂಡನ್ನು ಎರಡು ಬೆರಳಲ್ಲಿ ಉಜ್ಜಿ
ಟ್ಯೂಬ್‌ಲೈಟಿಗೆ ಹಿಡಿದು
‘ಹೂಂ’ ಅಂದರೆ
ನಲವತ್ತು ಮಿಷನ್ನು ಒಟ್ಟಿಗೆ ಗುರ್ರೆನ್ನುತ್ತವೆ.
ಅನ್ನದಿದ್ದರೆ ಥಾನು ಮೂಲೆಗೆ.

ನನ್ನ ಲ್ಯಾಬಿನಲ್ಲೂ ಇದನ್ನೇ ನೋಡುತ್ತೇನೆ ಅಂದರೆ
ನಗುತ್ತಿದ್ದೆ ನೀನು:
‘ರಕ್ತದಾಗ ಎಲ್ಲಿಂದ ಬಂತಬೇ ಜೀನ್ಸು?’

ಬಂತಕ್ಕ.
ಬಿ ಕೋಶದ ಮೈತುಂಬ ಒಂದೇ ನಮೂನೆಯ ಕೊಕ್ಕೆ.
ಆ ಕೊಕ್ಕೆಗೆ ಸಿಕ್ಕಿದ್ದನ್ನಷ್ಟೇ ನುಂಗುತ್ತದೆ,
ಬೇರೆಯದು ಪಕ್ಕದಲ್ಲೇ ಹಾದರೂ ತಿರುಗಿ ನೋಡದು.
ಒಳಗೆ ಚೂರು ಚೂರು ಮಾಡಿ
ಒಂದನ್ನು ಹೊರತಂದು, ತಟ್ಟೆಯಲ್ಲಿಟ್ಟಂತೆ,
ಟಿ ಕೋಶದ ಎದುರು ನಿಲ್ಲುತ್ತದೆ.
ನೋಡಪ್ಪ, ನಮ್ಮದಾ? ಹೊರಗಿನದಾ?

ಎಲ್ಲ ಬಿಗಳೂ ಒಂದೇ ಅಲ್ಲ ಮತ್ತೆ.
ಗುಲ್ಮದ ಅಂಚಿನಲ್ಲಿ, ರಕ್ತ ನುಗ್ಗುವ ದಾರಿಯಲ್ಲೇ ಕೂತವು
ಮಾರ್ಕೆಟ್ಟಿನ ಹಮಾಲರ ಹಾಗೆ,
ಲಾರಿ ನಿಲ್ಲುವ ಮೊದಲೇ ಹತ್ತಿರುತ್ತವೆ ಹಿಂದೆ.
ಅಪ್ಪಣೆ ಕಾಯುವ ಪುರುಸೊತ್ತು ಕಡಿಮೆ.
ಒಳಮನೆಯವು ನಿಧಾನದವು.
ಚೂರು ಹಿಡಿದು ಹೊಸ್ತಿಲವರೆಗೆ ನಡೆದುಬಂದು
ತಾಸುಗಟ್ಟಲೆ ಟಿಗೆ ಅಂಟಿಕೊಂಡು ನಿಲ್ಲುತ್ತವೆ;
ಅದು ಕೈ ಕೊಡದಿದ್ದರೆ ಅಲ್ಲೇ ಸೊರಗಿ ಸಾಯುತ್ತವೆ.
ಇನ್ನು ನೆನಪಿನವು:
ಆರು ವರ್ಷಕ್ಕೆ ನಿನಗೆ ಬಂದ ದಡಾರದ ಗುರುತು
ಇವತ್ತಿಗೂ ಅವುಗಳ ಕೊಕ್ಕೆಯಲ್ಲಿದೆ,
ಅವ್ವ ಮರೆತಿದ್ದಾಳೆ.

ಹೋದ ವರ್ಷ ಏಪ್ರಿಲ್ಲಿನಲ್ಲಿ
ಶೆಡ್ಡಿನಿಂದ ಮನೆಗೆ ಹತ್ತು ನಿಮಿಷದ ಬಿಸಿಲು,
ಅಷ್ಟಕ್ಕೇ ಕೆನ್ನೆಯಿಂದ ಕೆನ್ನೆಗೆ, ಮೂಗು ದಾಟಿ, ಕೆಂಪು.
ಅವ್ವ ಗಂಧ ತೇಯ್ದಳು.
ಗೆಣ್ಣುಗಳು ಊದಿ ಕತ್ತರಿ ಜಾರತೊಡಗಿದ ಮೇಲೆ
ಡಾಕ್ಟರು ಲೂಪಸ್ ಅಂದರು,
ನನ್ನ ಕೈಗೇ ಬಂತು ನಿನ್ನ ರಕ್ತ.

ಪರದೆಯ ಮೇಲೆ ಚುಕ್ಕಿಗಳು,
ಕಿಟಕಿಯ ಕಟ್ಟೆ ಮೇಲೆ ಸಂಡೂರು ಲಾರಿಗಳು ಬಿಟ್ಟುಹೋಗುವ ಧೂಳಿನಂತೆ.
ನನ್ನ ರಕ್ತದಲ್ಲಿ ಹೆಚ್ಚೂಕಡಿಮೆ ಖಾಲಿಯಿದ್ದ ಮೂಲೆ
ನಿನ್ನದರಲ್ಲಿ ಸಂತೆ.
ವಯಸ್ಸಿನ ಬಿ ಅನ್ನುತ್ತಾರೆ, ಮೊದಲು ಮುದಿ ಇಲಿಗಳಲ್ಲಿ ಕಂಡವಂತೆ.
ನಿನಗಿನ್ನೂ ಇಪ್ಪತ್ತೊಂಬತ್ತು.
ತೋರಿಸುವುದರಲ್ಲಿ ಬಲು ಚುರುಕು ಇವು.
ಏನು ತೋರಿಸುತ್ತವೆ ಅಂದೆ ನೀನು.
ನಿನ್ನನ್ನೇ ಅಕ್ಕ. ನಿನ್ನ ಕೋಶದ ನಡುಗರ್ಭದಿಂದ ಬಿದ್ದ ಒಂದೆಳೆ.
ಅದಕ್ಕೆ ಟಿ ‘ಹೂಂ’ ಅಂದಿದೆ.

ನೀನು ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ ಹೇಳಿದೆ, ಮೂರು ವರ್ಷ ಮುಚ್ಚಿಟ್ಟಿದ್ದ ಮಾತು:
ಒಮ್ಮೆ ಬೇರೆ ಥಾನಿನ ತುಂಡು ಚುಚ್ಚಿದ್ದೆಯಂತೆ ರಟ್ಟಿಗೆ.
ದಾದಾಪೀರ ಉಜ್ಜಿದ, ಹೂಂ ಅಂದ,
ಬೆಳಗಾಗುವುದರೊಳಗೆ ನಾನೂರು ಪ್ಯಾಂಟು.
ನಿನ್ನ ಎರಡು ತಿಂಗಳ ಪಗಾರ ಹೋಯಿತು, ಆತನದು ಹೋಗಲಿಲ್ಲ.
‘ತಪ್ಪು ಯಾರದಬೇ?
ತೋರಿಸಿದಾಕಿದಾ, ಹೂಂ ಅಂದಾವಂದಾ?’

ಅದನ್ನೇ ಹುಡುಕುತ್ತಿದ್ದಾರೆ, ಗೊತ್ತಿಲ್ಲ ಅಂದೆ.
ನಿಜವಾಗಿಯೂ ಗೊತ್ತಿಲ್ಲ.

ಈಗ ಡ್ರಿಪ್ಪಿನ ಹನಿ.
ಈ ಔಷಧಿ ಆಯ್ದು ಕೊಲ್ಲುವುದಿಲ್ಲ,
ಹಮಾಲರು, ಹೊಸ್ತಿಲಲ್ಲಿ ಕಾದವರು, ದಡಾರವನ್ನು ನೆನೆದವರು,
ಬಹುಪಾಲು ಎಲ್ಲರೂ.
‘ಮತ್ತ ಹುಟ್ತಾವಲ್ಲ?’
ಹುಟ್ಟುತ್ತವೆ, ಆರೇಳು ತಿಂಗಳಿಗೆ, ಎಲುಬಿನೊಳಗಿಂದ.
‘ಹೊಸಾವು. ಪಾಪ, ಅವಕ್ಕ ಏನೂ ಗೊತ್ತಿರೂದಿಲ್ಲ.’

ಸೂಜಿಯಿಲ್ಲದ ಕೈ ಚಾದರದ ಅಂಚಿಗೆ ಹೋಯಿತು.
ಎರಡು ಬೆರಳಲ್ಲಿ ಉಜ್ಜಿ
ಕಿಟಕಿಯ ಬೆಳಕಿಗೆ ಒಂದಿಷ್ಟು ಎತ್ತಿ ಹಿಡಿದೆ.
‘ಕಾಟನ್ ಅಂತ ಬರದಾರ.
ಬೆರಕಿ ಐತಿ ಇದು.’